ಮುಖವಾಡದ ಇನ್ನರ್ಧ ಕೆಲಸ: ಕೊರೊನಾ ಕಾಲದ ರಂಗವಿನ್ಯಾಸದ ಬಗ್ಗೆ ನಿಮ್ಮ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ಬೇರೇನೋ ಹೇಳುತ್ತಾ, ಕೊರೊನಾ ಕಾಲದಲ್ಲಿ ನಾಟಕದ ಮುಖವಾಡ ಮಾಡುವವರ ಪಾಡು ಏನಾಗಿತ್ತು ಅಂತ ಎರಡು ಸಾಲು ಬರೆದಿದ್ದೆ. ಅದನ್ನೇ ಹಿಡಿದುಕೊಂಡು ತುಂಬಾ ಜನ ಪ್ರಶ್ನೆ ಕಳಿಸಿದ್ದೀರಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಒಂದೇ ಕಡೆ ಉತ್ತರ ಕೊಟ್ಟಿದ್ದೇನೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿಕೊಂಡಿದ್ದಾರೆ, ಆದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮುಖವಾಡ ಮಾಡೋದು ಒಬ್ಬರೇ ಕೂತು ಮಾಡುವ ಕೆಲಸ ಅಲ್ವಾ ಮೇಡಂ? ನಟರಿಗೆ, ನಿರ್ದೇಶಕರಿಗೆ ಲಾಕ್‌ಡೌನ್‌ನಿಂದ ಕಷ್ಟ ಆಗಿರಬಹುದು. ನಿಮಗೆ ಮಾತ್ರ ಒಳ್ಳೇ ಬಿಡುವು ಸಿಕ್ಕಿರಬೇಕು ಅನ್ಸುತ್ತೆ. (ಚಿತ್ರಕಲೆಯ ವಿದ್ಯಾರ್ಥಿ)

ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಜೇಡಿಮಣ್ಣು, ಪ್ಲಾಸ್ಟರ್, ಕಾಗದ, ಅಂಟು, ಬಣ್ಣ ಎಲ್ಲಾ ಕೈಗೆ ಸಿಗುವ ಹಾಗೇ ಇತ್ತು. ಸಮಯವೂ ಇತ್ತು. ಆದರೂ ಆಗ ಶುರು ಮಾಡಿದ ಮುಖವಾಡಗಳಲ್ಲಿ ಹೆಚ್ಚಿನವು ಅರ್ಧಕ್ಕೇ ನಿಂತವು. ಯಾಕೆ ಅಂದ್ರೆ, ಮೇಜಿನ ಮೇಲೆ ಆಗುವುದು ಮುಖವಾಡದ ಅರ್ಧ ಕೆಲಸ ಮಾತ್ರ. ಇನ್ನರ್ಧ ಆಗೋದು ನಟ ಅದನ್ನು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು, ಕತ್ತು ತಿರುಗಿಸಿ, ಎದುರಿಗಿರುವವರು ಅದನ್ನು ನೋಡಿದಾಗ. ಆಗಲೇ ಗೊತ್ತಾಗೋದು, ಎಡಗಣ್ಣಿನ ತೂತು ಸ್ವಲ್ಪ ಕೆಳಗೆ ಬಂದಿದೆ, ಕೆನ್ನೆಯ ಅಂಚು ತುಟಿಗೆ ತಾಗಿ ಮಾತು ತಡವರಿಸುತ್ತಿದೆ, ಕೈಯಲ್ಲಿ ಹಿಡಿದಾಗ ಉಗ್ರವಾಗಿ ಕಂಡ ಹುಬ್ಬು ದೂರದಿಂದ ಸುಮ್ನೆ ಬೇಜಾರಾದವರ ಹುಬ್ಬಿನ ಹಾಗೆ ಕಾಣುತ್ತಿದೆ ಅಂತ. ಅದನ್ನು ವಾಪಸ್ ತಂದು, ಉಜ್ಜಿ, ಕತ್ತರಿಸಿ, ಇನ್ನೊಂದು ಪದರ ಅಂಟಿಸಿ, ಮತ್ತೆ ಕೊಡಬೇಕು. ಈ ಹೋಗಿ ಬರುವಿಕೆ ಇಲ್ಲದಿದ್ದರೆ ಉಳಿಯುವುದು ಗೋಡೆಗೆ ನೇತುಹಾಕುವ ವಸ್ತು.

ಇದು ನನ್ನೊಬ್ಬಳ ಮಾತಲ್ಲ. 1947ರಲ್ಲಿ ಇಟಲಿಯ ಮಿಲಾನ್‌ನ ಪಿಕ್ಕೋಲೋ ತಿಯಾತ್ರೋ ರಂಗಮಂದಿರದಲ್ಲಿ ನಿರ್ದೇಶಕ ಜಾರ್ಜಿಯೋ ಸ್ಟ್ರೆಹ್ಲರ್ ಅರ್ಲೆಕಿನೋ ಅನ್ನುವ ತುಂಟ ಸೇವಕನ ನಾಟಕ ಮಾಡಿಸಿದಾಗ, ಆ ಪಾತ್ರ ಮಾಡಿದ ಮಾರ್ಚೆಲ್ಲೋ ಮೊರೆತ್ತಿಗೆ ಮುಖವಾಡ ಹಾಕಿಕೊಂಡು ಆಡೋದು ಹಿಂಸೆ ಅನಿಸಿತ್ತು. ಅವರು ಮುಖಕ್ಕೆ ಕಪ್ಪು ಬಣ್ಣ ಬಳಿದುಕೊಂಡೇ ರಂಗಕ್ಕೆ ಬರುತ್ತಿದ್ದರು. ಆಮೇಲೆ ಪಾದುವಾದ ಶಿಲ್ಪಿ ಅಮ್ಲೇತೋ ಸಾರ್ತೋರಿ, ಮೊರೆತ್ತಿಗೆ ಚರ್ಮದ ಮುಖವಾಡ ಮಾಡಿಕೊಟ್ಟರು. ಮರದಲ್ಲಿ ಕೆತ್ತಿದ ಅಚ್ಚಿನ ಮೇಲೆ ಒದ್ದೆ ಚರ್ಮವನ್ನು ಎಳೆದು, ಬಡಿದು, ಒಣಗಿಸಿ ಮಾಡುವ ಹಳೆಯ ವಿಧಾನ ಅದು. ಆಮೇಲೆ ಅದೇ ನಟ ಅದೇ ಪಾತ್ರದಲ್ಲಿ ಮುಖವಾಡ ಹಾಕಿಯೇ ಆಡಿದರು. ಮುಖಕ್ಕೆ ಒಗ್ಗದ ಮುಖವಾಡವನ್ನು ಎಂಥ ದೊಡ್ಡ ನಟನೂ ಹಾಕಿಕೊಳ್ಳಲ್ಲ. ಒಗ್ಗಬೇಕು ಅಂದ್ರೆ ಮಾಡುವವರು ಮತ್ತು ಹಾಕುವವರು ಒಂದೇ ಕೋಣೆಯಲ್ಲಿ ಇರಬೇಕು.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಾಗತಿಕ ಪಿಡುಗು ಅಂದಿತು. ಮರುದಿನವೇ ನ್ಯೂಯಾರ್ಕ್‌ನ ಬ್ರಾಡ್‌ವೇ ನಾಟಕಮಂದಿರಗಳು ಮುಚ್ಚಿದವು, 16ಕ್ಕೆ ಲಂಡನ್‌ನ ವೆಸ್ಟ್ ಎಂಡ್‌ನವು. ನಮಗೆ ಹೋಗಿದ್ದು ಬರೀ ಸಂಪಾದನೆ ಅಲ್ಲ, ಆ ಕೋಣೆ ಹೋಯಿತು. ಆ ಎರಡು ವರ್ಷ ನಾವು ಏನೇನು ಮಾಡಿದೆವೋ ಅದೆಲ್ಲ ಆ ಕೋಣೆಯನ್ನು ಬೇರೆ ದಾರಿಯಲ್ಲಿ ಕಟ್ಟಿಕೊಳ್ಳುವ ಪ್ರಯತ್ನ ಅಂತಲೇ ನಾನು ನೋಡುತ್ತೇನೆ. ಕೆಳಗಿನ ಉತ್ತರಗಳನ್ನೂ ಹಾಗೇ ಓದಿಕೊಳ್ಳಿ.

ಪ್ರಶ್ನೆ: ನಟರನ್ನು ಮುಟ್ಟದೆ, ಎದುರಿಗೆ ಕೂರಿಸದೆ ಅಳತೆ ತಗೊಂಡಿದ್ದು ಹೇಗೆ? ನಾನು ಶಾಲೆಯಲ್ಲಿ ನಾಟಕ ಕಲಿಸುತ್ತೇನೆ. ನಮ್ಮ ಮಕ್ಕಳೂ ಬೇರೆ ಬೇರೆ ಕಡೆ ಇರುತ್ತಾರೆ, ಹಾಗಾಗಿ ಈಗಲೂ ಉಪಯೋಗಕ್ಕೆ ಬರುತ್ತದೆ.

ಮೊದಲೆಲ್ಲ ನಟನ ಮುಖದ ಅಚ್ಚನ್ನೇ ತೆಗೆಯುತ್ತಿದ್ದೆವು. ಹಲ್ಲಿನ ಡಾಕ್ಟರು ಹಲ್ಲಿನ ಅಳತೆ ತೆಗೆಯಲು ಬಳಸುವ ಆಲ್ಜಿನೇಟ್ ಪುಡಿಯನ್ನು ನೀರಲ್ಲಿ ಕಲಸಿ ಮುಖಕ್ಕೆ ಬಳಿಯುವುದು, ಅದು ಆಕಾರ ಕಳೆದುಕೊಳ್ಳದಿರಲಿ ಅಂತ ಮೇಲಿಂದ ಪ್ಲಾಸ್ಟರ್ ಬ್ಯಾಂಡೇಜ್ ಹಾಕುವುದು, ಕೆಲವು ನಿಮಿಷ ಮೂಗಿನ ಹೊಳ್ಳೆಯಿಂದ ಮಾತ್ರ ಉಸಿರಾಡುತ್ತಾ ಕೂರಿಸುವುದು. ಅಂದ್ರೆ ಒಬ್ಬರ ಮೂಗು ಬಾಯಿಯ ಮೇಲೆ ಇನ್ನೊಬ್ಬರು ಬಗ್ಗಿ ನಿಂತು ಮಾಡುವ ಕೆಲಸ. ಆ ಕಾಲದಲ್ಲಿ ಮಾಡಲೇಬಾರದ ಕೆಲಸ ಯಾವುದು ಅಂದ್ರೆ ಇದೇ. ಅದನ್ನು ಪೂರ್ತಿ ಬಿಟ್ಟೆವು.

ಅದರ ಬದಲು ಮಾಡಿದ್ದು ಇಷ್ಟು. ಒಂದು ಸಾಮಾನ್ಯ ಅಳತೆಯ ತಲೆಯ ಅಚ್ಚು ಇಟ್ಟುಕೊಂಡು, ಪ್ರತಿ ನಟನ ಅಳತೆಗೆ ತಕ್ಕ ಹಾಗೆ ಅದರ ಮೇಲೆ ಮಣ್ಣು ಸೇರಿಸುವುದು, ಕೆರೆಯುವುದು. ಅಳತೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಎರಡು ಕಣ್ಣುಗಳ ಪಾಪೆಯ ನಡುವಿನ ಅಂತರ. ದೊಡ್ಡವರಲ್ಲಿ ಅದು ಸರಾಸರಿ 63 ಮಿಲಿಮೀಟರ್ ಆಸುಪಾಸು, ಹೆಚ್ಚಿನವರದ್ದು 54ರಿಂದ 74ರ ಒಳಗೆ ಬರುತ್ತದೆ. ಕೆಲವೇ ಮಿಲಿಮೀಟರ್ ಆಚೀಚೆ ಆದರೂ ನಟ ಒಂದೇ ಕಣ್ಣಲ್ಲಿ ನೋಡುತ್ತಾ ನಡೆಯಬೇಕಾಗುತ್ತದೆ, ರಂಗದ ಅಂಚು ಎಲ್ಲಿದೆ ಅಂತ ಅಂದಾಜು ಸಿಗಲ್ಲ. ಕನ್ನಡಕ ಹಾಕುವವರಾದರೆ ಈ ಅಳತೆ ಕನ್ನಡಕದ ಅಂಗಡಿಯವರ ಚೀಟಿಯಲ್ಲೇ ಸಿಗಬಹುದು, ಕೇಳಿ ನೋಡಿ.

ಫೋಟೋ ಕಳಿಸಿ ಅಂದ ಕೂಡಲೇ ಎಲ್ಲರೂ ಸೆಲ್ಫಿ ಕಳಿಸುತ್ತಾರೆ. ಅದು ಕೆಲಸಕ್ಕೆ ಬರಲ್ಲ. ಫೋನು ಮುಖಕ್ಕೆ ಹತ್ತಿರ ಇದ್ದಾಗ ಮೂಗು ದಪ್ಪ ಕಾಣುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಫೋನನ್ನು ಎರಡು ಮೀಟರ್ ದೂರದಲ್ಲಿ ಕಣ್ಣಿನ ಎತ್ತರಕ್ಕೇ ಇಟ್ಟು, ಜೂಮ್ ಮಾಡಿ ತೆಗೆಯಬೇಕು. ಕೆನ್ನೆಯ ಪಕ್ಕ ಒಂದು ಸ್ಕೇಲು ಹಿಡಿದುಕೊಳ್ಳಬೇಕು. ಎದುರಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು, ಗದ್ದ ಎತ್ತಿಕೊಂಡು ಕೆಳಗಿನಿಂದ ಒಂದು. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಆದರೆ ಮೂಗಿನ ಹೊಳ್ಳೆಗೆ ಎಷ್ಟು ಜಾಗ ಬಿಡಬೇಕು ಅನ್ನುವುದು ಗೊತ್ತಾಗೋದೇ ಅದರಿಂದ.

ಇಷ್ಟಾದರೂ ಮೂಗಿನ ಸೇತುವೆಯ ಬಾಗು ಫೋಟೋದಲ್ಲಿ ಸಿಗಲ್ಲ. ಮುಖವಾಡದ ಭಾರ ಕೂರುವುದು ಅಲ್ಲೇ. ಅದಕ್ಕೆ ನಟರಿಗೆ ಒಂದು ಮೆತ್ತನೆಯ ತಂತಿ ತಗೊಳ್ಳಲು ಹೇಳುತ್ತಿದ್ದೆ. ತಂತಿಯ ತುದಿಗಳನ್ನು ಮಡಚಿ, ಚುಚ್ಚದ ಹಾಗೆ ಟೇಪ್ ಸುತ್ತಬೇಕು. ಅದನ್ನು ಒಂದು ಕೆನ್ನೆಯ ಮೂಳೆಯಿಂದ ಮೂಗಿನ ಮೇಲೆ ಹಾಯಿಸಿ ಇನ್ನೊಂದು ಕೆನ್ನೆಯವರೆಗೆ ಮೆಲ್ಲಗೆ ಒತ್ತಬೇಕು. ಬಾಗು ಕೆಡದ ಹಾಗೆ ತೆಗೆದು, ಬಿಳಿ ಹಾಳೆಯ ಮೇಲಿಟ್ಟು, ಒಳಬದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಬೇಕು. ಅದೇ ಹಾಳೆಯಲ್ಲಿ 10 ಸೆಂಟಿಮೀಟರಿನ ಒಂದು ನೇರ ಗೆರೆ. ಆಮೇಲೆ ಹಾಳೆಯ ಸರೀ ಮೇಲಿಂದ ಒಂದು ಫೋಟೋ. ನಾನು ಆ ನೇರ ಗೆರೆ ಸರಿಯಾಗಿ 10 ಸೆಂಟಿಮೀಟರ್ ಬರುವವರೆಗೆ ಹಿಗ್ಗಿಸಿ ಕುಗ್ಗಿಸಿ ಪ್ರಿಂಟ್ ತೆಗೆದು, ರಟ್ಟಿನಲ್ಲಿ ಆ ಬಾಗನ್ನು ಕತ್ತರಿಸಿ, ಮಣ್ಣಿನ ಮುಖದ ಮೇಲೆ ಇಟ್ಟು ನೋಡುತ್ತೇನೆ. ಎಲ್ಲಿ ಬೆಳಕು ಕಾಣುತ್ತದೋ ಅಲ್ಲಿ ಮಣ್ಣು ಸೇರಿಸುವುದು, ಎಲ್ಲಿ ರಟ್ಟು ತಗಲುತ್ತದೋ ಅಲ್ಲಿ ಕೆರೆಯುವುದು. ಹುಬ್ಬಿನ ಹತ್ತಿರ ಒಂದು, ಮೂಗಿನ ಮಧ್ಯ ಒಂದು, ಮೂಗಿನ ತುದಿಯ ಹತ್ತಿರ ಒಂದು, ಹೀಗೆ ಮೂರು ಬಾಗು ಸಿಕ್ಕರೆ ಸಾಕು, ಮುಖ ಕೈಗೆ ಬಂದ ಹಾಗೇ.

ಕೆಲವು ಫೋನುಗಳಲ್ಲಿ ಮುಖವನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಸೌಲಭ್ಯ ಇದೆ, ಅದೂ ಒಳ್ಳೆಯದೇ. ಕೂದಲು, ಗಡ್ಡ ಇರುವ ಕಡೆ ಸ್ವಲ್ಪ ಗಲಿಬಿಲಿ ಆಗುತ್ತದೆ ಅಷ್ಟೇ.

ಮುಖವಾಡ ಕಳಿಸುವಾಗ ಜೊತೆಗೆ ಬೇರೆ ಬೇರೆ ದಪ್ಪದ ಫೋಮ್ ತುಂಡುಗಳನ್ನೂ ಇಡಿ. ಹಣೆ, ಕೆನ್ನೆಯ ಮೂಳೆ ಹತ್ತಿರ ಎಲ್ಲಿ ಬೇಕೋ ಅಲ್ಲಿ ನಟರೇ ಅಂಟಿಸಿಕೊಳ್ಳಲಿ, ನೀವು ವಿಡಿಯೋ ಕರೆಯಲ್ಲಿ ನೋಡುತ್ತಾ ಇರಿ. ಮಕ್ಕಳಿಗಾದರೆ ಬಾಯಿ ಮುಚ್ಚದ ಅರ್ಧ ಮುಖವಾಡ ಸಾಕು, ತಂತಿಯೂ ಬೇಡ, ಮೆತ್ತನೆ ಹಗ್ಗದಲ್ಲಿ ಅಳತೆ ತಗೊಳ್ಳಿ. ಒಂದು ಮಾತು ಮಾತ್ರ ನೆನಪಿಡಿ, ಯಾರ ಮುಖದ ಮೇಲೂ ನೇರವಾಗಿ ಪ್ಲಾಸ್ಟರ್ ಸುರಿಯಬೇಡಿ. ಅದು ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಚರ್ಮ ಸುಡಬಹುದು.

ಪ್ರಶ್ನೆ: ಎರಡು ವರ್ಷ ಎಲ್ಲರೂ ಮಾಸ್ಕ್ ಹಾಕಿಕೊಂಡೇ ಓಡಾಡಿದೆವು. ಇದರಿಂದ ಪ್ರೇಕ್ಷಕರು ನಾಟಕದ ಮುಖವಾಡವನ್ನು ನೋಡುವ ರೀತಿ ಬದಲಾಗಿದೆಯಾ?

ಬದಲಾಗಿದೆ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಇಟಲಿಯ ಕೊಮೇದಿಯಾ ದೆಲ್ಲಾರ್ತೆ, ಅಂದ್ರೆ ಮುಖವಾಡ ಹಾಕಿಕೊಂಡು ಆಡುವ ಹಳೆಯ ಹಾಸ್ಯನಾಟಕದ ಪರಂಪರೆಯ ಅರ್ಧ ಮುಖವಾಡಗಳನ್ನು ನೋಡಿ. ಹಣೆ, ಹುಬ್ಬು, ಮೂಗು, ಕೆನ್ನೆಯ ಮೇಲ್ಭಾಗ ಮುಚ್ಚಿರುತ್ತದೆ. ಬಾಯಿ, ಗದ್ದ ಬಿಟ್ಟಿರುತ್ತಾರೆ, ಯಾಕಂದ್ರೆ ನಟ ಮಾತಾಡಬೇಕು. ಕೊರೊನಾ ಮಾಸ್ಕ್ ಇದರ ಸರೀ ಉಲ್ಟಾ. ಅಲ್ಲಿ ಮುಚ್ಚಿದ್ದು ಇಲ್ಲಿ ತೆರೆದಿದೆ, ಅಲ್ಲಿ ತೆರೆದಿದ್ದು ಇಲ್ಲಿ ಮುಚ್ಚಿದೆ. ಅದುವರೆಗೆ ಎದುರಿಗಿರುವವರು ನಗುತ್ತಿದ್ದಾರೋ ಇಲ್ಲವೋ ಅಂತ ತಿಳಿಯಲು ನಾವು ಬಾಯಿ ನೋಡುತ್ತಿದ್ದೆವು. ಇದ್ದಕ್ಕಿದ್ದ ಹಾಗೆ ಎಲ್ಲರೂ ಕಣ್ಣಿನ ಅಂಚು, ಹುಬ್ಬು, ಭುಜ, ಕತ್ತು ನೋಡಲು ಕಲಿಯಬೇಕಾಯಿತು. ಹೌದು ಅನ್ನಲು ತಲೆಯನ್ನು ಜಾಸ್ತಿ ಆಡಿಸಬೇಕಾಯಿತು, ಧನ್ಯವಾದ ಹೇಳಲು ಕೈ ಎತ್ತಬೇಕಾಯಿತು. ಮುಖವಾಡದ ತರಗತಿಯಲ್ಲಿ ಹೊಸಬರಿಗೆ ನಾವು ತಿಂಗಳುಗಟ್ಟಲೆ ಹೇಳಿಕೊಡುವುದು ಇದನ್ನೇ. ಮುಖ ಮುಚ್ಚಿದರೆ ಮೈ ಮಾತಾಡಬೇಕು.

ಫ್ರಾನ್ಸಿನ ನಿರ್ದೇಶಕ ಜಾಕ್ ಕೊಪೋ ಬಗ್ಗೆ ಒಂದು ಪ್ರಸಿದ್ಧ ಘಟನೆ ಇದೆ. ತಾಲೀಮಿನಲ್ಲಿ ಒಬ್ಬ ನಟಿ ಸಂಕೋಚದಿಂದ ಮರಗಟ್ಟಿ ನಿಂತುಬಿಟ್ಟಾಗ, ಅವರು ಆಕೆಯ ಮುಖದ ಮೇಲೆ ಒಂದು ಕರವಸ್ತ್ರ ಹೊದಿಸಿದರಂತೆ. ಕೂಡಲೇ ಆಕೆಯ ಮೈ ಸಡಿಲವಾಯಿತು. ಮುಖವಾಡ ಇಟ್ಟುಕೊಂಡು ನಟನೆ ಕಲಿಸುವ ಆಧುನಿಕ ಪದ್ಧತಿ ಬೆಳೆದದ್ದು ಅಲ್ಲಿಂದ. 1956ರಲ್ಲಿ ಪ್ಯಾರಿಸ್‌ನಲ್ಲಿ ಶಾಲೆ ತೆರೆದ ಜಾಕ್ ಲೆಕಾಕ್ ಅದನ್ನು ಮುಂದಕ್ಕೆ ಒಯ್ದರು. ಅವರು ಬಳಸಿದ ತಟಸ್ಥ ಮುಖವಾಡಕ್ಕೆ ನಗು, ಅಳು, ಸಿಟ್ಟು ಯಾವುದೂ ಇಲ್ಲ. ಅದನ್ನು ಚರ್ಮದಲ್ಲಿ ಮಾಡಿಕೊಟ್ಟವರು ಮೇಲೆ ಹೇಳಿದ ಸಾರ್ತೋರಿಯವರೇ.

ರಂಗಮಂದಿರಗಳು ಮತ್ತೆ ತೆರೆದ ಮೇಲೆ ನನಗೆ ಕಂಡದ್ದು ಏನಂದ್ರೆ, ಜನ ಮುಖವಾಡದ ಕಣ್ಣನ್ನು ತುಂಬಾ ಹತ್ತಿರದಿಂದ ಗಮನಿಸುತ್ತಾರೆ. ಮೊದಲು ನಾನು ಕಣ್ಣಿನ ತೂತನ್ನು ನಟನಿಗೆ ಕಂಡರೆ ಸಾಕು ಅಂತ ಚಿಕ್ಕದಾಗಿ ಕೊರೆಯುತ್ತಿದ್ದೆ. ಈಗ ಒಳಗಿನ ನಿಜವಾದ ಕಣ್ಣು, ಅದರ ಬಿಳಿಭಾಗ ಮೂರನೇ ಸಾಲಿಗಾದರೂ ಕಾಣಲಿ ಅಂತ ದೊಡ್ಡದು ಮಾಡುತ್ತೇನೆ. ತೂತಿನ ಒಳ ಅಂಚಿಗೆ ಕಪ್ಪು ಬಣ್ಣ ಹಚ್ಚಿ, ನಟರೂ ಕಣ್ಣಿನ ಸುತ್ತ ಕಪ್ಪು ಹಚ್ಚಿಕೊಂಡರೆ ಮುಖ ಎಲ್ಲಿ ಮುಗಿಯಿತು, ಮುಖವಾಡ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗಲ್ಲ.

ಇನ್ನೊಂದು ಕಡೆಯೂ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬಾಯಿ ಮುಚ್ಚಿದ ಮುಖ ನೋಡಿದರೆ ಇವತ್ತಿಗೂ ಕೆಲವರಿಗೆ ಉಸಿರು ಕಟ್ಟಿದ ಹಾಗಾಗುತ್ತದೆ. ಆಸ್ಪತ್ರೆಯಲ್ಲಿ ತಮ್ಮವರನ್ನು ಕಳೆದುಕೊಂಡವರು ಪ್ರೇಕ್ಷಕರಲ್ಲಿ ಇರುತ್ತಾರೆ. ಪೂರ್ತಿ ಮುಖ ಮುಚ್ಚುವ ಮುಖವಾಡವನ್ನು ಈಗ ನಾನು ಬೇಕೇ ಬೇಕು ಅನಿಸಿದಾಗ ಮಾತ್ರ ಬಳಸುತ್ತೇನೆ. ಕಿವಿ ಕೇಳದವರ ಮಾತೂ ಇದಕ್ಕೇ ಸೇರುತ್ತದೆ. ತುಟಿ ನೋಡಿ ಮಾತು ತಿಳಿಯುವವರಿಗೆ ಆ ಎರಡು ವರ್ಷ ಜಗತ್ತೇ ಬಾಯಿ ಮುಚ್ಚಿಕೊಂಡಿತ್ತು. ಅವರು ನಾಟಕಕ್ಕೆ ಬಂದಾಗ ತುಟಿ ಕಾಣುವ ಹಾಗೆ ಅರ್ಧ ಮುಖವಾಡ ಮಾಡುವುದು ನಮ್ಮಿಂದ ಆಗುವ ಕೆಲಸ.

ಪಾರದರ್ಶಕ ಪ್ಲಾಸ್ಟಿಕ್ ಹಾಕಿದರೆ ಸಮಸ್ಯೆ ಮುಗಿಯಿತಲ್ಲ ಅಂತ ಒಬ್ಬರು ಕೇಳಿದ್ದಾರೆ. ಮುಗಿಯಲ್ಲ. ರಂಗದ ದೀಪ ಅದರ ಮೇಲೆ ಬಿದ್ದು ಮಿಂಚುತ್ತದೆ, ಉಸಿರಿಗೆ ಮಂಜು ಕಟ್ಟುತ್ತದೆ. ದನಿಯನ್ನಂತೂ ಅದು ಸಾಮಾನ್ಯ ಸರ್ಜಿಕಲ್ ಮಾಸ್ಕ್‌ಗಿಂತ ಜಾಸ್ತಿ ತಡೆಯುತ್ತದೆ.

ಪ್ರಶ್ನೆ: ಹಕ್ಕಿಯ ಕೊಕ್ಕಿನ ಹಾಗಿರುವ ಪ್ಲೇಗ್ ಡಾಕ್ಟರ ಮುಖವಾಡದ ಚಿತ್ರ ಕೊರೊನಾ ಸಮಯದಲ್ಲಿ ಎಲ್ಲಾ ಕಡೆ ಓಡಾಡಿತು. ಅದು ನಾಟಕದ್ದಾ, ನಿಜವಾಗಿ ಡಾಕ್ಟರು ಹಾಕುತ್ತಿದ್ದದ್ದಾ?

ಎರಡೂ. 17ನೇ ಶತಮಾನದ ಯುರೋಪಿನಲ್ಲಿ ಪ್ಲೇಗ್ ರೋಗಿಗಳನ್ನು ನೋಡುವ ಕೆಲವು ವೈದ್ಯರ ಉಡುಪಿನಲ್ಲಿ ಅದು ಇತ್ತು. ಫ್ರಾನ್ಸಿನ ರಾಜವೈದ್ಯ ಶಾರ್ಲ್ ದ ಲೋರ್ಮ್ ಅದನ್ನು ರೂಪಿಸಿದವರು ಅಂತ ಹೇಳುತ್ತಾರೆ. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಅಂತ ಆಗ ನಂಬಿದ್ದರಿಂದ ಕೊಕ್ಕಿನ ಒಳಗೆ ಸುವಾಸನೆಯ ಸೊಪ್ಪು, ಮಸಾಲೆ ತುಂಬುತ್ತಿದ್ದರು. ಆಮೇಲೆ ಅದು ವೆನಿಸ್‌ನ ಕಾರ್ನಿವಲ್ ವೇಷವಾಯಿತು. ಅದೇ ವೆನಿಸ್ ಕಾರ್ನಿವಲ್ಲನ್ನು 2020ರ ಫೆಬ್ರವರಿ 23ರಂದು ಕೊರೊನಾ ಕಾರಣದಿಂದ ಎರಡು ದಿನ ಮೊದಲೇ ನಿಲ್ಲಿಸಬೇಕಾಯಿತು. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನ ದೊಡ್ಡ ಮುಖವಾಡದ ಉತ್ಸವ ಆ ವರ್ಷ ನಡೆಯಲೇ ಇಲ್ಲ. ಪಿಡುಗು ಬಂದಾಗ ನಾಟಕಕ್ಕೆ ಬಾಗಿಲು ಹಾಕುವುದೂ ಹೊಸದಲ್ಲ. 1592ರಿಂದ 1594ರ ನಡುವೆ ಹೆಚ್ಚಿನ ಕಾಲ ಲಂಡನ್‌ನ ನಾಟಕಶಾಲೆಗಳು ಪ್ಲೇಗ್‌ನಿಂದ ಮುಚ್ಚಿದ್ದವು, 1603ರಲ್ಲಿ ಮತ್ತೆ ಮುಚ್ಚಿದವು.

ಪ್ರಶ್ನೆ: ಝೂಮ್‌ನಲ್ಲಿ ಮುಖವಾಡದ ನಾಟಕ ಮಾಡಬಹುದಾ? ನಾವು ಆಗ ಮಾಡಿ ನೋಡಿದೆವು, ಮುಖವಾಡ ಸತ್ತ ಹಾಗೆ ಕಾಣುತ್ತಿತ್ತು. ಈಗ ಮತ್ತೆ ರೆಕಾರ್ಡ್ ಮಾಡಬೇಕೆಂದಿದ್ದೇವೆ.

ಮಾಡಬಹುದು. ಮುಖವಾಡ ಸತ್ತ ಹಾಗೆ ಕಾಣಲು ಸಾಮಾನ್ಯವಾಗಿ ಬೆಳಕೇ ಕಾರಣ. ನೀವು ರಿಂಗ್ ಲೈಟ್, ಅಂದ್ರೆ ಬಳೆಯ ಹಾಗೆ ದುಂಡಗಿರುವ ದೀಪ, ಬಳಸಿದ್ದೀರಿ ಅನ್ಸುತ್ತೆ. ಅದು ಮುಖಕ್ಕೆ ನೇರವಾಗಿ, ಎಲ್ಲಾ ಕಡೆಯಿಂದ ಒಂದೇ ಸಮ ಬೀಳುವ ಬೆಳಕು. ಮುಖದ ಸುಕ್ಕು ಕಲೆ ಮರೆಸಲು ಚೆನ್ನಾಗಿದೆ. ಮುಖವಾಡಕ್ಕೆ ಮಾತ್ರ ಅದು ವಿಷ. ಮುಖವಾಡದ ಹುಬ್ಬು, ಕೆನ್ನೆ ಅಲ್ಲಾಡಲ್ಲ. ಅಲ್ಲಾಡುವುದು ಅದರ ಮೇಲಿನ ನೆರಳು. ನೆರಳನ್ನು ತೆಗೆದುಬಿಟ್ಟರೆ ಭಾವ ಎಲ್ಲಿಂದ ಬರಬೇಕು?

ಜಪಾನಿನ ನೋ ರಂಗಭೂಮಿಯವರು ಇದನ್ನು ಶತಮಾನಗಳಿಂದ ಬಲ್ಲರು. ಅವರ ಹೆಣ್ಣು ಪಾತ್ರದ ಮುಖವಾಡವನ್ನು ಹಿನೋಕಿ ಅನ್ನುವ ಮರದಲ್ಲಿ ಕೆತ್ತಿ, ಚಿಪ್ಪಿನ ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿ ಪದರ ಪದರವಾಗಿ ಬಳಿದು ಮಾಡುತ್ತಾರೆ. ಅದರಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ನಟ ಮುಖವನ್ನು ತುಸು ಮೇಲೆತ್ತಿದರೆ ಬೆಳಕು ತುಂಬಿಕೊಂಡು ಮುಖ ಅರಳುತ್ತದೆ. ತುಸು ತಗ್ಗಿಸಿದರೆ ನೆರಳು ಇಳಿದು ದುಃಖ ಕಾಣುತ್ತದೆ. ಅಷ್ಟು ಸಣ್ಣ ಚಲನೆ ಸಾಕು. ಹಾಗಾಗಿ ರಿಂಗ್ ಲೈಟ್ ಆರಿಸಿ. ಒಂದೇ ದೀಪವನ್ನು ಮೇಲಿನಿಂದ, ಸ್ವಲ್ಪ ಪಕ್ಕದಿಂದ ಬೀಳುವ ಹಾಗೆ ಇಡಿ. ನಟರು ತಲೆಯನ್ನು ಮೆಲ್ಲಗೆ ಎತ್ತಿ ಇಳಿಸಲಿ, ನೀವು ಪರದೆಯಲ್ಲಿ ನೋಡಿ. ಯಾವ ಕೋನದಲ್ಲಿ ಜೀವ ಬರುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ಎರಡನೆಯದು ಕ್ಯಾಮೆರಾದ ಎತ್ತರ. ಲ್ಯಾಪ್‌ಟಾಪ್ ಮೇಜಿನ ಮೇಲಿದ್ದರೆ ಅದರ ಕ್ಯಾಮೆರಾ ಕೆಳಗಿನಿಂದ ಮೇಲಕ್ಕೆ ನೋಡುತ್ತದೆ. ಆಗ ಎಲ್ಲಾ ಮುಖವಾಡಗಳೂ ಗದ್ದ ಎತ್ತಿಕೊಂಡ ಹಾಗೆ ಕಾಣುತ್ತವೆ, ಅಳುವ ಮುಖವೂ ಜಂಬದ ಮುಖವಾಗುತ್ತದೆ. ಅದನ್ನು ಕಣ್ಣಿನ ಮಟ್ಟಕ್ಕೆ ಏರಿಸಿ. ಬಿಳಿ ಮುಖವಾಡ ಪರದೆಗೆ ಬಂದ ಕೂಡಲೇ ಕ್ಯಾಮೆರಾ ತಾನಾಗೇ ಬೆಳಕು ಏರಿಳಿಸುತ್ತದೆ, ಅದಕ್ಕೆ ಬೆಳಕಿನ ಹೊಂದಾಣಿಕೆಯನ್ನು ಲಾಕ್ ಮಾಡಿ. ಹೆಚ್ಚಿನ ಫೋನುಗಳಲ್ಲಿ ಪರದೆಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಅದು ಆಗುತ್ತದೆ. ಕೃತಕ ಹಿನ್ನೆಲೆ ಬಳಸಲೇಬೇಡಿ. ಆ ತಂತ್ರಾಂಶ ಹುಡುಕುವುದು ಮನುಷ್ಯರ ತಲೆಯ ಆಕಾರವನ್ನು. ಉದ್ದ ಮೂಗು, ಕೋಡು, ಗರಿ ಎಲ್ಲವನ್ನೂ ಹಿನ್ನೆಲೆ ಅಂದುಕೊಂಡು ನುಂಗಿಬಿಡುತ್ತದೆ. ಹಿಂದೆ ಒಂದು ಕಪ್ಪು ಬಟ್ಟೆ ಕಟ್ಟಿ, ಸಾಕು.

ನೇರ ಪ್ರಸಾರವಾದರೆ ಎಲ್ಲರೂ ಒಟ್ಟಿಗೆ ದನಿಗೂಡಿಸುವ ದೃಶ್ಯ ಬೇಡ. ಒಬ್ಬೊಬ್ಬರ ದನಿ ಒಂದೊಂದು ಕ್ಷಣ ತಡವಾಗಿ ಬರುತ್ತದೆ, ಕಿವಿಗೆ ಹಿಂಸೆ.

ಪ್ರಶ್ನೆ: ನಮ್ಮ ತಂಡದ ಹಳೆಯ ಮುಖವಾಡಗಳನ್ನು ಹಲವರು ಹಾಕಿಕೊಳ್ಳುತ್ತೇವೆ. ಕೊರೊನಾ ಬಂದಾಗ ಸ್ಯಾನಿಟೈಸರ್ ಹಾಕಿ ಒರೆಸಿದೆವು, ಕೆಲವು ಅಂಟಂಟಾಗಿ ಹಾಳಾದವು. ಸರಿಯಾದ ವಿಧಾನ ಯಾವುದು?

ಹಾಳಾಗಲು ಕಾರಣ ಆಲ್ಕೋಹಾಲ್. ಹಳೆಯ ಮುಖವಾಡಗಳಿಗೆ ಹೊಳಪು ಬರಲಿ ಅಂತ ಶೆಲ್ಯಾಕ್, ಅಂದ್ರೆ ಅರಗಿನಿಂದ ಮಾಡಿದ ಪಾಲಿಶ್ ಹಚ್ಚಿರುತ್ತಾರೆ. ಶೆಲ್ಯಾಕ್ ಕರಗುವುದೇ ಆಲ್ಕೋಹಾಲಿನಲ್ಲಿ. ಸ್ಯಾನಿಟೈಸರ್ ಹಾಕಿ ಒರೆಸಿದರೆ ಪಾಲಿಶ್ ಕರಗಿ ಬಣ್ಣದ ಜೊತೆ ಬಟ್ಟೆಗೆ ಬರುತ್ತದೆ. ಅಕ್ರಿಲಿಕ್ ಬಣ್ಣವೂ ಆಲ್ಕೋಹಾಲಿಗೆ ಮೆತ್ತಗಾಗುತ್ತದೆ, ಚರ್ಮ ಒಣಗಿ ಬಿರುಕು ಬಿಡುತ್ತದೆ. ಹಾಗಾದ ಮುಖವಾಡಗಳನ್ನು ಬಿಸಾಡಬೇಡಿ. ಪೂರ್ತಿ ಒಣಗಲು ಬಿಟ್ಟು, ಅಂಟಾದ ಭಾಗವನ್ನು ನುಣುಪು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಮತ್ತೆ ಬಣ್ಣ ಹಚ್ಚಿ.

ಸೋಂಕಿನ ವಿಷಯದಲ್ಲಿ ಶುರುವಿನಲ್ಲಿ ಎಲ್ಲರಿಗೂ ವಸ್ತುಗಳನ್ನು ಮುಟ್ಟಲೇ ಭಯ ಇತ್ತು. 2020ರ ಮಾರ್ಚ್‌ನಲ್ಲಿ ಬಂದ ಒಂದು ಪ್ರಯೋಗದ ವರದಿಯಲ್ಲಿ ವೈರಸ್ ರಟ್ಟಿನ ಮೇಲೆ 24 ಗಂಟೆಯವರೆಗೆ, ಪ್ಲಾಸ್ಟಿಕ್ ಮತ್ತು ಸ್ಟೀಲಿನ ಮೇಲೆ 72 ಗಂಟೆಯವರೆಗೆ ಉಳಿಯಬಹುದು ಅಂತ ಇತ್ತು. ಹಾಗಾಗಿ ನಾವು ಬಳಸಿದ ಮುಖವಾಡವನ್ನು ಕಾಗದದ ಚೀಲದಲ್ಲಿ ಹಾಕಿ, ಮೇಲೆ ತಾರೀಕು ಬರೆದು, ಕೆಲವು ದಿನ ಮುಟ್ಟದೆ ಇಡುತ್ತಿದ್ದೆವು. ಆಮೇಲೆ ಗಾಳಿಯಿಂದಲೇ ಹೆಚ್ಚು ಹರಡುವುದು, ವಸ್ತುಗಳಿಂದ ಹರಡುವುದು ತೀರಾ ಕಡಿಮೆ ಅಂತ ಸ್ಪಷ್ಟವಾಯಿತು. ಆದರೂ ಮುಖವಾಡದ ಒಳಭಾಗ ಅಂದ್ರೆ ಉಗುಳು, ಬೆವರು ನೇರವಾಗಿ ಬೀಳುವ ಜಾಗ. ನೆಗಡಿ, ಚರ್ಮದ ತೊಂದರೆ ಇವೆಲ್ಲ ಕೊರೊನಾಕ್ಕಿಂತ ಮೊದಲೂ ಹರಡುತ್ತಿದ್ದವು. ಆಗ ನಾವು ತಲೆ ಕೆಡಿಸಿಕೊಂಡಿರಲಿಲ್ಲ ಅಷ್ಟೇ.

ಈಗ ನನ್ನ ಹತ್ತಿರ ಇರುವ ನಿಯಮ ಒಂದೇ: ಒಂದು ನಾಟಕ ಮುಗಿಯುವವರೆಗೆ ಒಬ್ಬರಿಗೆ ಒಂದು ಮುಖವಾಡ. ಅದು ಆಗದಿದ್ದರೆ ಒಳಗಿನ ಮೆತ್ತೆಯಾದರೂ ಬೇರೆ ಬೇರೆ ಇರಲಿ. ಹಣೆ, ಕೆನ್ನೆಯ ಹತ್ತಿರ ವೆಲ್ಕ್ರೋ ಅಂಟಿಸಿ, ಹತ್ತಿ ಬಟ್ಟೆ ಸುತ್ತಿದ ಮೆತ್ತೆಯನ್ನು ತೆಗೆದು ಹಾಕುವ ಹಾಗೆ ಮಾಡಿ. ಪ್ರತಿಯೊಬ್ಬರೂ ತಮ್ಮದನ್ನು ತಾವೇ ಸೋಪಿನಲ್ಲಿ ಒಗೆದುಕೊಳ್ಳಲಿ. ಪೇಪರ್ ಮ್ಯಾಶೆ, ಅಂದ್ರೆ ಕಾಗದ ಅಂಟಿಸಿ ಮಾಡಿದ ಮುಖವಾಡವಾದರೆ, ಅದರ ಒಳಭಾಗಕ್ಕೆ ನೀರು ಹಿಡಿಯದ ಎಣ್ಣೆ ವಾರ್ನಿಶ್ ಹಚ್ಚಿ, ವಾಸನೆ ಪೂರ್ತಿ ಹೋಗುವವರೆಗೆ ಒಣಗಿಸಿದರೆ ಸೋಪು ನೀರಿನ ಬಟ್ಟೆ ಹಿಂಡಿ ಒರೆಸಬಹುದು. ಬಿಸಿಲಿಗೆ ಇಡಬೇಡಿ, ಬಣ್ಣ ಮಾಸುತ್ತದೆ, ಕಾಗದ ಸೊಟ್ಟಗಾಗುತ್ತದೆ.

ಪ್ರಶ್ನೆ: ನಾನು ರಂಗಸಜ್ಜಿಕೆ ವಿನ್ಯಾಸ ಮಾಡುತ್ತಿದ್ದೆ. ಕೊರೊನಾದಲ್ಲಿ ಕೈ ನಿಂತುಹೋಯಿತು. ಎಲ್ಲರೂ ಹೊಸತೇನೋ ಕಲಿತೆವು ಅನ್ನುತ್ತಿದ್ದರು, ನನಗೆ ಒಂದು ಗೆರೆ ಎಳೆಯಲೂ ಆಗಲಿಲ್ಲ. ಈಗಲೂ ಪೂರ್ತಿ ಮರಳಿಲ್ಲ. ನಿಮಗೂ ಹಾಗೆ ಆಗಿತ್ತಾ?

ಆಗಿತ್ತು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ.

ಸಾವಿನ ಸುದ್ದಿ ದಿನಾ ಬರುತ್ತಿರುವಾಗ ಕೈ ನಿಂತುಹೋದರೆ ಅದು ಸೋಮಾರಿತನ ಅಲ್ಲ. ನಮ್ಮ ಕೆಲಸವಂತೂ ತಾರೀಕಿನ ಮೇಲೆ ನಿಂತಿರುವಂಥದ್ದು. ಪ್ರದರ್ಶನದ ದಿನ ಗೊತ್ತಾಗಿರುತ್ತದೆ, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ಕೆಲಸ ಮಾಡುತ್ತೇವೆ. ತಾರೀಕೇ ಇಲ್ಲದಾಗ ಯಾರಿಗಾಗಿ, ಯಾವ ರಂಗಕ್ಕಾಗಿ ಗೆರೆ ಎಳೆಯುವುದು? ಆ ಸಮಯದಲ್ಲಿ ಎಷ್ಟೋ ಕಡೆ ನಾಟಕದ ವಸ್ತ್ರವಿಭಾಗದವರು ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆಯ ಮಾಸ್ಕ್, ಆಸ್ಪತ್ರೆಯ ಗೌನು ಹೊಲಿದುಕೊಟ್ಟರು. ನಾನೂ ಹೊಲಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲಿ ಮೂರು ಪದರದ ಬಟ್ಟೆ ಮಾಸ್ಕ್ ಹೇಗಿರಬೇಕು ಅಂತ ಹೇಳಿತ್ತು, ಒಳಗೆ ಹತ್ತಿ, ನಡುವೆ ಸೋಸುವ ಪದರ, ಹೊರಗೆ ನೀರು ಹೀರದ ಬಟ್ಟೆ. ಮೂಗಿನ ಹತ್ತಿರ ಸಂದಿ ಬಿಡದ ಹಾಗೆ ತಂತಿ ಕೂರಿಸುವುದು ನನಗೆ ಗೊತ್ತಿದ್ದ ಕೆಲಸ. ಅದು ಕಲೆ ಅಂತ ನಾನು ಹೇಳಲ್ಲ. ಆದರೆ ಇದನ್ನು ನಾಳೆ ಒಬ್ಬರು ಹಾಕಿಕೊಳ್ಳುತ್ತಾರೆ ಅನ್ನುವ ಭರವಸೆಯಿಂದ ಕೈ ಓಡುತ್ತಿತ್ತು. ನನಗೆ ಬೇಕಿದ್ದದ್ದು ಅದೊಂದೇ.

ನಿಮಗೆ ಒಂದು ಸಲಹೆ, ಬೇಕಿದ್ದರೆ ತಗೊಳ್ಳಿ. ಪೂರ್ತಿ ರಂಗದ ಬಗ್ಗೆ ಈಗಲೇ ಯೋಚಿಸಬೇಡಿ. ನೀವು ಮೊದಲು ಮಾಡುತ್ತಿದ್ದ 1:25 ಅಳತೆಯ ರಟ್ಟಿನ ಮಾದರಿಗೆ ವಾಪಸ್ ಹೋಗಿ. 10 ಮೀಟರ್ ಅಗಲದ ರಂಗ ಅಲ್ಲಿ 40 ಸೆಂಟಿಮೀಟರ್, ಮನುಷ್ಯ 7 ಸೆಂಟಿಮೀಟರಿಗಿಂತ ತುಸು ಕಡಿಮೆ. ಅದರಲ್ಲಿ ಒಂದು ಬಾಗಿಲು, ಒಂದು ಕುರ್ಚಿ, ಒಬ್ಬ ಮನುಷ್ಯ, ಒಂದು ಟಾರ್ಚಿನ ಬೆಳಕು. ಫೋನನ್ನು ಆ ಪುಟ್ಟ ಮನುಷ್ಯನ ಕಣ್ಣಿನ ಎತ್ತರಕ್ಕೆ ಇಳಿಸಿ ಫೋಟೋ ತೆಗೆದು, ಒಬ್ಬರಿಗೆ, ಒಬ್ಬರಿಗೆ ಮಾತ್ರ, ಕಳಿಸಿ. ಆ ಒಬ್ಬರು ಈ ಬಾಗಿಲಿನಿಂದ ಯಾರು ಬರುತ್ತಾರೆ ಅಂತ ಕೇಳಲಿ. ಮುಂದಿನ ವಾರ ಅದಕ್ಕೆ ಉತ್ತರವಾಗಿ ಇನ್ನೊಂದು ಮಾಡಿ. ಒಬ್ಬ ಹಳೆಯ ಗೆಳತಿ, ಅವರು ನಿರ್ದೇಶಕಿ, ನನ್ನ ಜೊತೆ ಹೀಗೆ ತುಂಬಾ ದಿನ ಆಡಿದರು. ಯಾವ ನಾಟಕಕ್ಕೂ ಅಲ್ಲ, ಸುಮ್ನೆ. ಮನಸ್ಸು ತೀರಾ ಭಾರವಾಗಿ ನಿದ್ದೆ, ಊಟ ಎಲ್ಲಾ ಕೆಟ್ಟಿದ್ದರೆ ಮಾತ್ರ ರಟ್ಟು ಕತ್ತರಿ ಬದಿಗಿಟ್ಟು ಮೊದಲು ವೈದ್ಯರನ್ನು ನೋಡಿ.

ಪ್ರಶ್ನೆ: ಪೇಪರ್ ಮ್ಯಾಶೆಯಾ, 3ಡಿ ಪ್ರಿಂಟಾ?

ಅಳತೆಯ ತಲೆಯನ್ನು ಪ್ರಿಂಟ್ ಮಾಡಿ, ಮುಖವಾಡವನ್ನು ಕಾಗದದಲ್ಲಿ ಮಾಡಿ. ಕಾಗದ ಹಗುರ, ಬೆವರಿಗೆ ಪ್ಲಾಸ್ಟಿಕ್‌ನಷ್ಟು ಜಾರಲ್ಲ, ಬೇಡದ ಕಡೆ ಕತ್ತರಿಯಲ್ಲೇ ಕತ್ತರಿಸಬಹುದು. ಕಾಗದವನ್ನು ಕತ್ತರಿಸದೆ ಕೈಯಲ್ಲಿ ಹರಿಯಿರಿ, ಹರಿದ ಅಂಚಿನ ನಾರು ಒಂದರೊಳಗೊಂದು ಕೂತುಕೊಳ್ಳುತ್ತದೆ. ಒಂದು ಪದರ ಬಿಳಿ, ಒಂದು ಪದರ ಕಂದು ಹಾಳೆ ಹಾಕಿದರೆ ಎಲ್ಲೂ ಪದರ ತಪ್ಪಲ್ಲ.

ಪ್ರಶ್ನೆ: ಕೊರೊನಾ ಕಾಲದ ಯಾವ ಅಭ್ಯಾಸವನ್ನು ಈಗಲೂ ಇಟ್ಟುಕೊಂಡಿದ್ದೀರಿ? (ಇದನ್ನು ಮೂರು ಜನ ಕೇಳಿದ್ದಾರೆ)

ತಂತಿಯ ಅಳತೆ, ಒಬ್ಬರಿಗೊಂದು ಮೆತ್ತೆ ಇವೆರಡೂ ಉಳಿದಿವೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೊದಲೆಲ್ಲ ಮುಖವಾಡವನ್ನು ಬಣ್ಣ, ಕೂದಲು ಎಲ್ಲಾ ಮುಗಿಸಿ, ಪ್ರದರ್ಶನಕ್ಕೆ ವಾರ ಇರುವಾಗ ನಟರ ಕೈಗೆ ಕೊಡುವುದು ರೂಢಿ ಆಗಿತ್ತು. ಆಗ ನಟರಿಗೆ ಅದರ ಜೊತೆ ಬದುಕಲು ಸಮಯವೇ ಇರುತ್ತಿರಲಿಲ್ಲ, ನನಗೂ ತಿದ್ದಲು ಧೈರ್ಯ ಬರುತ್ತಿರಲಿಲ್ಲ. ಕೊರೊನಾದಲ್ಲಿ ಬೇರೆ ದಾರಿ ಇಲ್ಲದೆ, ಬಣ್ಣ ಹಚ್ಚದ ಒರಟು ಮುಖವಾಡವನ್ನೇ ಅಂಚೆಯಲ್ಲಿ ಕಳಿಸಲು ಶುರು ಮಾಡಿದೆ. ನಟರು ಮನೆಯಲ್ಲಿ ಅದನ್ನು ಹಾಕಿಕೊಂಡು ಪಾತ್ರೆ ತೊಳೆದರು, ಮೆಟ್ಟಿಲು ಹತ್ತಿ ಇಳಿದರು, ಕನ್ನಡಿ ಮುಂದೆ ಕೂತರು. ಎಲ್ಲಿ ಒತ್ತುತ್ತದೆ, ಎಲ್ಲಿ ಮಾತು ಸಿಕ್ಕಿಕೊಳ್ಳುತ್ತದೆ ಅನ್ನುವುದನ್ನು ಪೆನ್ಸಿಲ್‌ನಲ್ಲಿ ಮುಖವಾಡದ ಮೇಲೇ ಬರೆದು ವಾಪಸ್ ಕಳಿಸಿದರು. "ಈ ಕೆನ್ನೆ ನನ್ನದಲ್ಲ" ಅಂತ ಒಬ್ಬರು ಬರೆದಿದ್ದರು. ಸರಿಯಾಗಿಯೇ ಹೇಳಿದ್ದರು, ಆ ಪಾತ್ರಕ್ಕೆ ಅಷ್ಟು ತುಂಬಿದ ಕೆನ್ನೆ ಬೇಕಿರಲಿಲ್ಲ.

ಈಗ ಎಲ್ಲರೂ ಒಂದೇ ಕೋಣೆಯಲ್ಲಿ ತಾಲೀಮು ಮಾಡುತ್ತೇವೆ, ಅಂಚೆ ಬೇಕಿಲ್ಲ. ಆದರೂ ತಾಲೀಮಿನ ಮೊದಲ ವಾರದಲ್ಲೇ ಒರಟು ಮುಖವಾಡ ಮತ್ತು ಒಂದು ಪೆನ್ಸಿಲನ್ನು ನಟರ ಕೈಗೆ ಕೊಟ್ಟು ಮನೆಗೆ ಕಳಿಸುತ್ತೇನೆ. ಬಣ್ಣದ ಡಬ್ಬಿ ತೆರೆಯುವುದು ಅವರು ಬರೆದದ್ದನ್ನೆಲ್ಲ ತಿದ್ದಿದ ಮೇಲೆ.